ಆ ಸಪೋರ್ಟ್ ಲೈನ್ ಅಣ್ಣನಿಗೆ ಒಂದು ಥ್ಯಾಂಕ್ಸ್
ಹೆಸರು ಕೇಳೋಕೂ ಆಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಬೆಳಿಗ್ಗೆ ಗಿಟಾರ್ ಟ್ರ್ಯಾಕ್ ಕಳಿಸ್ಬೇಕು, ಗಿಟಾರಿಗೆ ಎಫೆಕ್ಟ್ ಕೊಡೋ ಪ್ರೊಸೆಸರನ್ನ ಆಡಿಯೋ ಇಂಟರ್ಫೇಸಿಗೆ (ಸದ್ದನ್ನ ಕಂಪ್ಯೂಟರಿಗೆ ಕಳಿಸೋ ಸಾಧನ) ಹಾಕಿದ್ರೆ ಒಂದೇ ಸಮನೆ ಗುಂಯ್ ಅಂತ ಹಮ್, ಡಿಸ್ಟಾರ್ಶನ್ ಬೇರೆ ಡಬ್ಬೀಲಿ ಸಿಕ್ಕ ಜೇನುನೊಣದ ಥರ. ಪ್ರೊಸೆಸರ್ ನಿಮ್ಮ ಕಂಪನಿದಲ್ಲ, ಆದ್ರೂ ನೀವು "ಸ್ವಲ್ಪ ನುಡಿಸಿ ಸರ್, ಕೇಳಿಸ್ಕೊಳ್ತೀನಿ" ಅಂದ್ರಿ. ಅಷ್ಟಕ್ಕೇ ಅರ್ಧ ಜೀವ ಬಂತು ನಂಗೆ.

ಔಟ್‌ಪುಟ್ ಆಂಪ್ ಮೋಡಲ್ಲಿದೆ, ಅದ್ರಲ್ಲಿ ಕ್ಯಾಬಿನೆಟ್ ಸಿಮ್ಯುಲೇಶನ್, ಅಂದ್ರೆ ಆಂಪ್ ಸ್ಪೀಕರಿನ ಸದ್ದನ್ನ ಅನುಕರಿಸೋದು, ಆಫ್ ಆಗಿದೆ, ಅದಕ್ಕೇ ಕರಕರ ಅಂತಿದೆ ಅಂತ ಹೇಳಿ ಲೈನ್ ಮೋಡಿಗೆ ಹಾಕ್ಸಿದ್ರಿ, ಇಂಟರ್ಫೇಸಲ್ಲಿ ಇನ್‌ಸ್ಟ್ರುಮೆಂಟ್ ಬಟನ್ ಆಫ್ ಮಾಡ್ಸಿ ಗೇನ್ (ಒಳಗೆ ಬರೋ ಸದ್ದಿನ ಮಟ್ಟ) ಪೂರ್ತಿ ಇಳಿಸಿ, ಸದ್ದಿನ ಪೀಕ್ -12 ಡಿಬಿ ಹತ್ರ ಬರೋವರೆಗೂ ನಿಧಾನಕ್ಕೆ ಏರಿಸೋಕೆ ಹೇಳಿದ್ರಿ. ಹಮ್ ಗ್ರೌಂಡ್ ಲೂಪಿಂದಂತೆ, ಅಂದ್ರೆ ಎರಡು ಸಾಧನಗಳ ಅರ್ತ್ ಬೇರೆ ಬೇರೆ ದಾರೀಲಿ ಸೇರಿ ಒಂದು ಸುತ್ತು ಆಗೋದು; ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ಮೇಲೆ ನಿಂತೇ ಹೋಯ್ತು. ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳ್ಬೇಡಿ, ಹಮ್ ಮತ್ತೆ ಬಂದ್ರೆ ಗ್ರೌಂಡ್ ಲಿಫ್ಟ್ (ಆಡಿಯೋ ಕೇಬಲಿನ ಗ್ರೌಂಡ್ ಬಿಡಿಸೋ ಸ್ವಿಚ್) ಇರೋ ಡಿಐ ಬಾಕ್ಸ್ ಅನ್ನೋ ಚಿಕ್ಕ ಸಾಧನ ಮಧ್ಯೆ ಹಾಕಿ ಅಂತ ಒತ್ತಿ ಒತ್ತಿ ಹೇಳಿದ್ರಲ್ಲ, ಆ ಕಾಳಜಿ ಮರೆಯಲ್ಲ.

ಎಲ್ಲಾ ಆದ್ಮೇಲೂ ಫೋನ್ ಇಡ್ಲಿಲ್ಲ ನೀವು, "ಒಂದ್ಸಲ ರೆಕಾರ್ಡ್ ಮಾಡಿ ಪ್ಲೇ ಮಾಡಿ, ಕೇಳ್ತೀನಿ" ಅಂತ ಕಾದ್ರಿ. ಟ್ರ್ಯಾಕ್ ಅವತ್ತು ರಾತ್ರೀನೇ ಕಳಿಸ್ದೆ ಅಣ್ಣ, ತುಂಬಾ ಥ್ಯಾಂಕ್ಸ್.