ಕಾರವಾರದ ದೋಸ್ತನಿಗೆ, ಹಿತ್ತಾಳೆ ಸ್ಪೂನಿನ ಬಗ್ಗೆ

ಪ್ರೀತಿಯ ದೋಸ್ತ,

ನೀನು ಕೇಳಿದ್ದು ಒಂದೇ ಸಾಲು: "ಹೆರಕಲ್ಲಿನಾಗ ಹಿಡೀತಿದ್ದ ಸ್ಪೂನು ಇಲ್ಲಿ ಯಾಕ ಹಿಡೀವಲ್ದು?" ಬಾಗಲಕೋಟೆ ಹತ್ತಿರದ ಹೆರಕಲ್ ಹಿನ್ನೀರಿನಲ್ಲಿ ನಾವು ದಾರಕ್ಕೆ ಕಟ್ಟಿ ಎಳೆಯುತ್ತಿದ್ದ, ಚಮಚದ ಆಕಾರದ ತಗಡಿನ ಗಾಳದ ಮಾತು ಇದು. ಉತ್ತರ ಉದ್ದವಾಗುತ್ತದೆ, ಸಾವಕಾಶ ಓದು. ಕಾರವಾರದಲ್ಲಿ ನೌಕರಿ ಮಾಡಿದಷ್ಟು ಕಾಲ ಆ ಕಡಲು ನನಗೆ ಕಲಿಸಿದ್ದನ್ನು ಯಾರಿಗಾದರೂ ದಾಟಿಸಬೇಕು ಅನ್ನಿಸುತ್ತಿತ್ತು. ಈಗ ವರ್ಗಾವಣೆ ನಿನ್ನನ್ನೇ ಅಲ್ಲಿಗೆ ಒಯ್ದಿದೆ. ಗಾಳ ಹಿಡಿದು ಹೊಳೆದಂಡೆ ತಿರುಗುವ ನಮ್ಮ ಬಾಗಲಕೋಟೆಯ ಹುಡುಗರೂ ಓದಲಿ ಎಂದು ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಎರೆಹುಳಕ್ಕೆ ವಾಸನೆ ಇದೆ, ಹಿಟ್ಟಿನ ಉಂಡೆಗೂ ಇದೆ. ಎಸೆದು ಸುಮ್ಮನೆ ಕೂತರೂ ಅವು ತಮ್ಮ ಕೆಲಸ ಮಾಡುತ್ತವೆ. ತಗಡಿಗೆ ಅದೇನೂ ಇಲ್ಲ. ನಿನ್ನ ಕೈ ಆಡುವವರೆಗೆ ಮಾತ್ರ ಅದಕ್ಕೆ ಜೀವ. ಎಷ್ಟು ಜೋರಾಗಿ ಆಡಬೇಕು ಎಂಬುದನ್ನು ಹೇಳುವುದು ನೀರು, ಮತ್ತು ಆ ನೀರಿನಲ್ಲಿ ಬೇಟೆಯಾಡುವ ಮೀನು. ನೀನು ಸ್ಪೂನಿನ ಜೊತೆ ನಮ್ಮ ಹಿನ್ನೀರಿನ ವೇಗವನ್ನೂ ಕಡಲಿಗೆ ಒಯ್ದಿದ್ದೀಯ. ತೊಡಕು ಅಲ್ಲೇ ಇದೆ.

ಸ್ಪೂನಿನ ಒಂದು ಮೈ ಉಬ್ಬು, ಇನ್ನೊಂದು ತಗ್ಗು. ಎಳೆದಾಗ ನೀರು ಎರಡೂ ಅಂಚಿನಿಂದ ಒಂದೇ ಸಮ ಜಾರದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅದನ್ನು ತಳ್ಳುತ್ತದೆ. ಆ ತೂಗಾಟವೇ ಗಾಯಗೊಂಡ ಮರಿಮೀನಿನ ಭ್ರಮೆ ಹುಟ್ಟಿಸುತ್ತದೆ. ತೆಳು, ಅಗಲ ಸ್ಪೂನು ನಿಧಾನಕ್ಕೆ ಎಳೆದರೂ ಚೆನ್ನಾಗಿ ತೂಗುತ್ತದೆ. ಅದನ್ನೇ ಜೋರಾಗಿ ಸುತ್ತಿದರೆ ತೂಗುವುದನ್ನು ಬಿಟ್ಟು ಗಿರಗಿರ ತಿರುಗಿ ದಾರಕ್ಕೆ ತಿರುಚು ಹಾಕುತ್ತದೆ. ಅದಕ್ಕೇ ಸ್ವಿವೆಲ್, ಅಂದರೆ ದಾರ ತಿರುಚದಂತೆ ತಾನೇ ತಿರುಗುವ ಕೊಂಡಿ, ಬೇಕೇ ಬೇಕು. ದಪ್ಪ ಲೋಹದಲ್ಲಿ ಸಪೂರವಾಗಿ ಮಾಡಿದ ಗಾಳವಾದ ಜಿಗ್‌ನದು ಇದಕ್ಕೆ ತದ್ವಿರುದ್ಧ: ನಿಧಾನಕ್ಕೆ ಎಳೆದರೆ ಅಲುಗಾಡದೆ ಬರುತ್ತದೆ, ವೇಗ ಸಿಕ್ಕಾಗಲೇ ನಡುಗುತ್ತದೆ. ಅಮೆರಿಕದ ವರ್ಮಾಂಟ್‌ನ ಜೂಲಿಯೊ ಬ್ಯುಯೆಲ್ ಎಂಬಾತ ಸ್ಪೂನಿನಂಥ ಲೋಹದ ಗಾಳಕ್ಕೆ 1852ರಲ್ಲಿ ಪೇಟೆಂಟ್ ಪಡೆದ. ದೋಣಿಯಲ್ಲಿ ಊಟ ಮಾಡುವಾಗ ಕೈಜಾರಿದ ಚಮಚವನ್ನು ಮೀನೊಂದು ಹಾರಿ ಹಿಡಿಯಿತು ಎಂಬುದು ಅವನ ಬಗ್ಗೆ ಇರುವ ದಂತಕಥೆ. ನಿಜವೋ ಅಲ್ಲವೋ, ಕಥೆಯೊಳಗಿನ ಒಂದು ಸಂಗತಿಯನ್ನು ನಾನು ನಂಬುತ್ತೇನೆ: ಚಮಚ ಮುಳುಗುತ್ತಿತ್ತು. ತಗಡಿಗೆ ಬೀಳುವ ಹೊಡೆತಗಳಲ್ಲಿ ಎಷ್ಟೋ ಅದು ಕೆಳಗಿಳಿಯುವಾಗಲೇ ಬೀಳುತ್ತವೆ. ಎಸೆದ ಕೂಡಲೇ ರೀಲ್ ಸುತ್ತಬೇಡ, ಇಳಿಯಲು ಬಿಡು, ಇಳಿಯುವಾಗಲೂ ದಾರದ ಮೇಲೆ ಕಣ್ಣಿಡು.

ಇಲ್ಲಿ ನಾವು ಮಾಡುತ್ತಿದ್ದದ್ದನ್ನು ನೆನಪಿಸಿಕೊ. ಆಲಮಟ್ಟಿ 519.60 ಮೀಟರಿಗೆ ತುಂಬಿದಾಗ ಹಿನ್ನೀರು ಘಟಪ್ರಭೆಯಲ್ಲಿ ಹೆರಕಲ್, ಅನಗವಾಡಿ ಕಡೆಗೆಲ್ಲ ಹರಡುತ್ತದೆ. ಹೊಸ ನೀರು ರಾಡಿ, ಮೊಣಕಾಲು ಮುಳುಗಿದರೆ ಪಾದ ಕಾಣುವುದಿಲ್ಲ. ಅಂಥ ನೀರಿನಲ್ಲಿ ಬಾಳೆಮೀನು ಕಣ್ಣನ್ನು ನಂಬಿ ಬದುಕುವುದಿಲ್ಲ. ಅದರ ಕಣ್ಣು ಸಣ್ಣವು, ಮೀಸೆ ಉದ್ದ, ಬೇಟೆ ಹೆಚ್ಚಾಗಿ ಕತ್ತಲಲ್ಲಿ. ಮೀನಿನ ಎರಡೂ ಪಕ್ಕೆಗಳ ಉದ್ದಕ್ಕೂ ನೀರಿನ ಒತ್ತಡದ ಏರಿಳಿತ ಹಿಡಿಯುವ ಒಂದು ಸಾಲು ಇರುತ್ತದಲ್ಲ, ಅದಕ್ಕೆ ತಲುಪುವಂತೆ ಬಡಿಯಬೇಕು. ದುಂಡನೆಯ ಎಲೆಯ ಸ್ಪಿನ್ನರ್ (ಕಡ್ಡಿಯ ಸುತ್ತ ತಗಡಿನ ಎಲೆ ತಿರುಗುವ ಗಾಳ) ಇಲ್ಲಿ ಗೆಲ್ಲುವುದು ಅದಕ್ಕೇ. ಎಲೆ ಅಗಲವಾದಷ್ಟೂ ಕಡ್ಡಿಯಿಂದ ದೂರ ನಿಂತು ತಿರುಗಿ ನೀರನ್ನು ದಬದಬ ಬಡಿಯುತ್ತದೆ, ಅತಿ ನಿಧಾನದಲ್ಲೂ ನಿಲ್ಲುವುದಿಲ್ಲ. ಬಣ್ಣದಲ್ಲಿ ನನ್ನ ಮೆಚ್ಚುಗೆ ಹಿತ್ತಾಳೆಗೆ. ರಾಡಿ ನೀರಿನಲ್ಲಿ ಬೆಳ್ಳಿ ಹೊಳಪಿಗಿಂತ ಆ ಮಂದ ಹಳದಿಯೇ ಮೇಲು.

ನೀನು ನಿಂತಿರುವ ಕಡಲು ಬೇರೆ. ಮಳೆ ಹಿಂದೆ ಸರಿದು ನೀರು ತಿಳಿಯಾದ ಮೇಲೆ ಇಸ್ವಾಣ (ಅಂಜಲ್ ಮೀನು) ಕಣ್ಣಿನಿಂದಲೇ ಬೇಟೆಯಾಡುತ್ತದೆ. ತಾರ್ಲೆ (ಬೂತಾಯಿ), ಬಂಗಡೆಯ ಹಿಂಡನ್ನು ಬೆನ್ನಟ್ಟಿ ಕತ್ತರಿಸುವ ಮೀನು ಅದು. ಓಡದ ಬೇಟೆಯ ಮೇಲೆ ಅದಕ್ಕೆ ಅನುಮಾನ. ತಾರ್ಲೆಯಷ್ಟೇ ಉದ್ದದ, 30–40 ಗ್ರಾಂನ ಸಪೂರ ಬೆಳ್ಳಿ ಜಿಗ್ ಕಟ್ಟು, ಕೈ ಸೋಲುವಷ್ಟು ಜೋರಾಗಿ ಸುತ್ತು. ಕಡಲಗಾಳಿಗೆ ಎದುರಾಗಿ ಎಸೆಯಲೂ ಆ ಆಕಾರವೇ ಬೇಕು, ನಮ್ಮ ಅಗಲ ಸ್ಪೂನು ಗಾಳಿಗೆ ತೇಲಿ ಕಾಲಬುಡದಲ್ಲೇ ಬೀಳುತ್ತದೆ. ಘನ ಸೆಂಟಿಮೀಟರಿಗೆ ಹಿತ್ತಾಳೆ ಸುಮಾರು 8.5 ಗ್ರಾಂ ತೂಗಿದರೆ ಸೀಸ 11.3 ಗ್ರಾಂ ತೂಗುತ್ತದೆ. ಚಿಕ್ಕ ಮೈಯಲ್ಲಿ ಹೆಚ್ಚು ತೂಕ ಬೇಕೆಂದೇ ಎಷ್ಟೋ ಜಿಗ್‌ಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಾರೆ. ಸೀಸ ವಿಷ, ಮುಟ್ಟಿದ ಮೇಲೆ ಕೈ ತೊಳೆಯದೆ ಬುತ್ತಿ ಬಿಚ್ಚಬೇಡ. ಇಸ್ವಾಣದ ಹಲ್ಲಿಗೆ ಸಾದಾ ದಾರ ಲೆಕ್ಕಕ್ಕೇ ಇಲ್ಲ, ಜಿಗ್‌ನ ಮುಂದೆ ಗೇಣುದ್ದ ತಂತಿ ಇರಲಿ.

ಹಾಗೆಂದು ನಿನ್ನ ಹಿತ್ತಾಳೆ ಸ್ಪೂನನ್ನು ಪೆಟ್ಟಿಗೆಯ ತಳಕ್ಕೆ ಹಾಕಬೇಡ. ಕಾಳಿ ನದಿಯ ಅಳಿವೆಗೆ ಹೋಗು. ಜೋಯಿಡಾದ ಕಾಡಿನಿಂದ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ದಾಟಿ ಬಂದ ಸಿಹಿನೀರು ಸದಾಶಿವಗಡದ ಪಕ್ಕ ಉಪ್ಪಿಗೆ ಸೇರುತ್ತದೆ. ಅಲ್ಲಿ ಚೊಣಕ ಇದೆ, ಸಿಹಿನೀರಿನಲ್ಲೂ ಉಪ್ಪುನೀರಿನಲ್ಲೂ ಬದುಕುವ ಮೀನು. ಇಳಿತ ಶುರುವಾಗಿ ಕಿರುಕಾಲುವೆಗಳಿಂದ ಮರಿಮೀನು ಹೊರಬೀಳುವ ಹೊತ್ತಿಗೆ ಸೆಳವಿಗೆ ಅಡ್ಡಲಾಗಿ ಎಸೆದು, ಹೆರಕಲ್ಲಿನ ವೇಗದಲ್ಲೇ ಎಳೆ. ನನಗೆ ಆ ಕರಾವಳಿಯಲ್ಲಿ ಅತಿ ಪ್ರೀತಿಯ ಜಾಗ ಅದು.

ಇನ್ನು ತುಕ್ಕು. ಉಪ್ಪುನೀರು ವಿದ್ಯುತ್ ಹರಿಯಬಿಡುವ ನೀರು. ಅದರಲ್ಲಿ ಹಿತ್ತಾಳೆ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡರೆ ಉಕ್ಕು ಬೇಗ ಸವೆಯುತ್ತದೆ, ಹಿತ್ತಾಳೆ ಉಳಿದುಕೊಳ್ಳುತ್ತದೆ. ನಿನ್ನ ಸ್ಪೂನು ಹೊಳೆಯುತ್ತಿದ್ದೂ ಗಾಳದ ಮುಳ್ಳು ಕೆಂಪಗೆ ಉದುರುತ್ತಿರುವುದು ಇದರಿಂದಲೇ. ಇಲ್ಲಿಂದ ಒಯ್ದ ಮುಳ್ಳುಗಳನ್ನೂ ರಿಂಗ್‌ಗಳನ್ನೂ ತೆಗೆದು ಕಡಲಿಗೆಂದೇ ಮಾಡಿದ ತವರ ಲೇಪದವನ್ನೋ ಸ್ಟೇನ್‌ಲೆಸ್‌ನವನ್ನೋ ಹಾಕು. ಮನೆಗೆ ಬಂದ ಕೂಡಲೇ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆದು ಒಣಗಿಸು. ಉಪ್ಪು ಹತ್ತಿದ ಒಂದು ಜಿಗ್ ಒಣಗಿದವುಗಳ ಜೊತೆ ಪೆಟ್ಟಿಗೆ ಸೇರಿದರೆ ಮಿಕ್ಕವೂ ಕೆಡುತ್ತವೆ. ರೀಲನ್ನು ಮಾತ್ರ ನೀರಲ್ಲಿ ಮುಳುಗಿಸಬೇಡ, ಒದ್ದೆ ಬಟ್ಟೆಯಿಂದ ಒರೆಸು.

ಮುಂದಿನದು ನನಗೆ ಎಲ್ಲಕ್ಕಿಂತ ದೊಡ್ಡ ಮಾತು. ನಮ್ಮ ಮರಲ್ ಮೀನಿನ ಜೋಡಿ ತನ್ನ ಮರಿಗಳ ಕೆಂಪು ಗುಂಪಿನ ಕೆಳಗೇ ಕಾವಲು ಇರುತ್ತದೆ. ಆ ಗುಂಪಿನ ಮೇಲೆ ತಗಡು ಎಳೆದರೆ ತಾಯಿಯೋ ತಂದೆಯೋ ಸಿಟ್ಟಿಗೆ ಹೊಡೆದು ಸಿಕ್ಕಿಬೀಳುತ್ತದೆ, ಕಾವಲಿಲ್ಲದ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತವೆ. ಇಲ್ಲಿ ಹಾಗೆ ಹಿಡಿಯುವವರನ್ನು ಕಂಡರೆ ನಾನು ಹೋಗಿ ಮಾತಾಡುತ್ತೇನೆ. ಚೊಣಕದ ಬದುಕು ಇನ್ನೂ ವಿಚಿತ್ರ: ಮೊದಲು ಗಂಡಾಗಿ ಬೆಳೆದು, ವರ್ಷಗಳಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ತೀರಾ ದೊಡ್ಡ ಚೊಣಕ ಸಿಕ್ಕರೆ ಅದು ಮೊಟ್ಟೆಯಿಡುವ ಹೆಣ್ಣೇ ಇರಬೇಕು. ಊಟಕ್ಕೆ ನಡುಗಾತ್ರದ್ದು ಸಾಕು, ದೊಡ್ಡದನ್ನು ನೀರಿಗೆ ಬಿಡು. ಮೂರು ಮುಳ್ಳಿನ ಗಾಳದ ಬದಲು ಒಂಟಿ ಮುಳ್ಳು ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡುವುದು ಸುಲಭ. ಮೀನಿನ ಬಾಯಿಯೂ ಹರಿಯುವುದಿಲ್ಲ, ನಿನ್ನ ಬೆರಳೂ ಉಳಿಯುತ್ತದೆ.

ರಂಪಣಿ (ದಡದಿಂದ ಎಳೆಯುವ ದೊಡ್ಡ ಬಲೆ) ಎಳೆಯುವವರು ದಡಕ್ಕೆ ಬಂದರೆ ಗಾಳ ಎತ್ತಿ ದೂರ ಸರಿ. ಅದು ಅವರ ಅನ್ನ. ಇಲ್ಲಿ ಹಿನ್ನೀರಿನಲ್ಲಿ ಕಟ್ಟಿದ ಬಲೆಗಳ ಹತ್ತಿರ ನಾವು ಎಸೆಯದಿದ್ದ ಹಾಗೇ ಅಲ್ಲೂ ಇರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಕಡಲು ಬಂದ್. ದಡದಲ್ಲಿ ನಿಲ್ಲುವ ನಿನಗೆ ಆ ನಿಯಮ ತಾಗದಿದ್ದರೂ ಆ ಎರಡು ತಿಂಗಳು ಬಂಡೆ ಹತ್ತಬೇಡ. ಪಾಚಿ ಹಿಡಿದ ಕಲ್ಲಿನ ಮೇಲೆ ನಿಂತವನನ್ನು ಮಳೆಗಾಲದ ಅಲೆ ಸುಲಭಕ್ಕೆ ಎಳೆದೊಯ್ಯುತ್ತದೆ, ಈಜು ಬಂದರೂ ಪ್ರಯೋಜನವಿಲ್ಲ. ಅಂಥ ದಿನಗಳಲ್ಲಿ ಬಸ್ಸು ಹತ್ತಿ ಊರಿಗೆ ಬಾ.

ಕಂಚಗಾರರ ಕೈಯಲ್ಲಿ ಹೊಸದಾಗಿ ಬಡಿಸಿದ ನಾಲ್ಕು ಸ್ಪೂನುಗಳನ್ನು ಪಾರ್ಸಲ್ ಮಾಡಿದ್ದೇನೆ, ಮುಳ್ಳು ಹಾಕಿಲ್ಲ, ನೀನೇ ಹಾಕಿಕೊ. ಎರಡು ದಪ್ಪ, ಎರಡು ತೆಳು. ಅಳಿವೆಯಲ್ಲಿ ಎರಡನ್ನೂ ಎಳೆದು ನೋಡಿ ಯಾವುದು ಯಾವ ಸೆಳವಿನಲ್ಲಿ ತೂಗಿತು ಎಂದು ಬರೆ. ಅದನ್ನು ನೋಡಿಕೊಂಡು ಮುಂದಿನವನ್ನು ಬಡಿಸುತ್ತೇನೆ.

ನಿನ್ನ ಗೆಳೆಯ,
ಬಾಗಲಕೋಟೆಯಿಂದ