ಸುಪ್ತಮನಸ್ಸಿನ ಓದನ್ನು ಕುರಿತು ದೊಡ್ಡಮ್ಮನ ಪತ್ರ

ಚಿರಂಜೀವಿ ಮಗನಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಸ್ವಿಸ್ ಮನೋವೈದ್ಯ ಕಾರ್ಲ್ ಗುಸ್ಟಾವ್ ಯೂಂಗನ ವಿಶ್ಲೇಷಣಾತ್ಮಕ ಮನಶ್ಶಾಸ್ತ್ರವನ್ನು ಓದತೊಡಗಿದ್ದೀಯೆಂದು ತಿಳಿದು ಬಹಳ ಸಂತೋಷವಾಯಿತು. ಆದರೆ ಅದೇ ಪತ್ರದಲ್ಲಿ ನಿನ್ನ ಗೆಳೆಯನೊಬ್ಬ ತನ್ನ ಮುಖವಾಡವನ್ನೇ ತಾನೆಂದು ನಂಬಿದ್ದಾನೆ, ಇನ್ನೊಬ್ಬನಿಗೆ ತನ್ನ ನೆರಳಿನ ಪರಿಚಯವೇ ಇಲ್ಲ, ಮೇಲಧಿಕಾರಿಗೆ ಅಧಿಕಾರದ ಕಾಂಪ್ಲೆಕ್ಸ್ ಇದೆ ಎಂದು ಎರಡು ಪುಟ ಬರೆದಿದ್ದೀಯ. ನಿನ್ನನ್ನು ಕುರಿತು ಒಂದು ಸಾಲೂ ಇಲ್ಲ. ಈ ಶಾಸ್ತ್ರವನ್ನು ಹಲವು ವರ್ಷ ಪಾಠ ಹೇಳಿದವಳಾಗಿ ನಾನು ನಿನಗೆ ಹೇಳಬೇಕಾದದ್ದು ಒಂದೇ ಇದೆ: ಸುಪ್ತಮನಸ್ಸನ್ನು, ಎಂದರೆ ನಮ್ಮ ಅರಿವಿಗೆ ಬಾರದೆ ಒಳಗೇ ಕೆಲಸ ಮಾಡುವ ಮನಸ್ಸನ್ನು, ಕುರಿತ ಓದು ಮೊದಲು ತಿರುಗಬೇಕಾದದ್ದು ಓದುವವನ ಕಡೆಗೆ. ಇದನ್ನು ನನ್ನ ಅಭಿಪ್ರಾಯವಾಗಿ ಹೇಳುತ್ತಿಲ್ಲ. ಆ ಶಾಸ್ತ್ರ ಬೆಳೆದು ಬಂದ ಕ್ರಮದಲ್ಲೇ ಅದು ಅಡಗಿದೆ.

ನೀನು ನೇರವಾಗಿ ಆದಿಪ್ರತಿಮೆಗಳ, ಎಂದರೆ ಮನುಷ್ಯರೆಲ್ಲರ ಮನಸ್ಸಿಗೂ ಸಮಾನವೆಂದು ಯೂಂಗ್ ಹೇಳಿದ ಮೂಲ ಮಾದರಿಗಳ, ಅಧ್ಯಾಯಕ್ಕೆ ಕೈಹಾಕಿದ್ದೀಯ. ಅದನ್ನು ಸದ್ಯಕ್ಕೆ ಮುಚ್ಚಿಟ್ಟು, ಯೂಂಗ್ ಎಲ್ಲಿಂದ ಹೊರಟನೋ ಅಲ್ಲಿಂದಲೇ ಹೊರಡು. 1875ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅವನು ಬಾಸೆಲ್‌ನಲ್ಲಿ ವೈದ್ಯಶಾಸ್ತ್ರ ಓದಿ, 1900ರ ಡಿಸೆಂಬರಿನಲ್ಲಿ ಜ್ಯೂರಿಕ್‌ನ ಬರ್ಗ್‌ಹೋಲ್ಜ್ಲಿ ಮನೋರೋಗ ಆಸ್ಪತ್ರೆಗೆ ಯೂಜೆನ್ ಬ್ಲಾಯ್ಲರನ ಕೈಕೆಳಗೆ ಕೆಲಸಕ್ಕೆ ಸೇರಿದ. ಅಲ್ಲಿ ಫ್ರಾಂಜ್ ರಿಕ್ಲಿನ್ ಎಂಬ ಸಹೋದ್ಯೋಗಿಯ ಜೊತೆ ಅವನು ನಡೆಸಿದ ಪದಸಾಹಚರ್ಯದ ಪ್ರಯೋಗ ಬಹಳ ಸರಳವಾದದ್ದು. ನೂರು ಪದಗಳ ಪಟ್ಟಿಯನ್ನು ಒಂದೊಂದಾಗಿ ಓದುವುದು, ಎದುರಿಗೆ ಕುಳಿತವನು ಮನಸ್ಸಿಗೆ ಮೊದಲು ಹೊಳೆದ ಪದವನ್ನು ಹೇಳುವುದು, ಅದಕ್ಕೆ ಹಿಡಿದ ಸಮಯವನ್ನು ಸ್ಟಾಪ್‌ವಾಚಿನಲ್ಲಿ ಅಳೆಯುವುದು, ಪಟ್ಟಿ ಮುಗಿದ ಮೇಲೆ ಅವೇ ಪದಗಳನ್ನು ಮತ್ತೊಮ್ಮೆ ಓದಿ ಮೊದಲು ಕೊಟ್ಟ ಉತ್ತರ ನೆನಪಿದೆಯೇ ಎಂದು ಕೇಳುವುದು. ಇಂಥ ಪ್ರಯೋಗಗಳನ್ನು ಗಾಲ್ಟನ್, ವುಂಟ್ ಮೊದಲಾದ ಹಿಂದಿನ ವಿಜ್ಞಾನಿಗಳು ಆಗಲೇ ಮಾಡಿದ್ದರು. ಯೂಂಗನ ಹೆಚ್ಚುಗಾರಿಕೆಯೆಂದರೆ ಸರಾಗವಾಗಿ ಬಂದ ಉತ್ತರಗಳಿಗಿಂತ ತಡವರಿಸಿದ ಉತ್ತರಗಳಲ್ಲಿ ಅವನಿಗೆ ಆಸಕ್ತಿ ಹುಟ್ಟಿದ್ದು. ಯಾವುದೋ ಒಂದು ಸಾಮಾನ್ಯ ಪದಕ್ಕೆ ಮನುಷ್ಯ ಸುಮ್ಮನೆ ತಡೆದು ನಿಲ್ಲುತ್ತಾನೆ, ಕೇಳಿದ ಪದವನ್ನೇ ಮರಳಿ ಹೇಳುತ್ತಾನೆ, ನಗುತ್ತಾನೆ, ಎರಡನೆಯ ಸಲ ಉತ್ತರ ಮರೆತುಬಿಡುತ್ತಾನೆ. ಹೀಗೆ ಎಡವಿದ ಪದಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಅವು ಒಂದೇ ನೋವಿನ ಅಥವಾ ಭಯದ ಅಥವಾ ಆಸೆಯ ಸುತ್ತ ಕೂಡಿಕೊಂಡಿರುವುದು ಕಂಡುಬರುತ್ತಿತ್ತು. ಭಾವದ ಬಿಸಿಯಿಂದ ಬೆಸೆದುಕೊಂಡ ಆ ನೆನಪು, ಕಲ್ಪನೆಗಳ ಗೊಂಚಲನ್ನೇ ಅವನು ಕಾಂಪ್ಲೆಕ್ಸ್ ಎಂದು ಕರೆದದ್ದು.

ಇದರಲ್ಲಿ ನೀನು ನಿಂತು ನೋಡಬೇಕಾದ ಸಂಗತಿಯೊಂದಿದೆ. ಉತ್ತರ ಕೊಡುತ್ತಿದ್ದವರಿಗೆ ತಾವು ತಡೆದದ್ದೇ ಅನೇಕ ಸಲ ಗೊತ್ತಾಗುತ್ತಿರಲಿಲ್ಲ. ಬೇಗ ಉತ್ತರಿಸಬೇಕೆಂದು ಅವರು ಮನಃಪೂರ್ವಕವಾಗಿ ಬಯಸಿದ್ದರು. ಆದರೂ ಅವರೊಳಗಿನ ಇನ್ನೇನೋ ಆ ಇಚ್ಛೆಗೆ ಅಡ್ಡ ಬಂದಿತ್ತು. ಸುಪ್ತಮನಸ್ಸು ಎಂಬ ಮಾತಿಗೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಆಧಾರ ಇದು. ಮುಂದೆ 1934ರ ಸುಮಾರಿನಲ್ಲಿ ಯೂಂಗ್ ಇದನ್ನೇ ಇನ್ನೂ ಬಿಗಿಯಾಗಿ ಹೇಳಿದ: ಮನುಷ್ಯರಿಗೆ ಕಾಂಪ್ಲೆಕ್ಸ್‌ಗಳಿರುತ್ತವೆ ಎಂಬುದು ಎಲ್ಲರಿಗೂ ತಿಳಿದಿದೆ, ಕಾಂಪ್ಲೆಕ್ಸ್‌ಗಳ ಹಿಡಿತದಲ್ಲಿ ಮನುಷ್ಯರೇ ಇರಬಲ್ಲರು ಎಂಬುದು ಅಷ್ಟಾಗಿ ತಿಳಿದಿಲ್ಲ. ಮೇಲಧಿಕಾರಿಗೆ ಕಾಂಪ್ಲೆಕ್ಸ್ ಇದೆ ಎಂದು ಬರೆಯುವಾಗ ನಿನ್ನ ಅಕ್ಷರ ಎಷ್ಟು ಒತ್ತಿ ಬಿದ್ದಿದೆಯೆಂಬುದನ್ನು ನಾನು ಗಮನಿಸಿದೆ. ಅಷ್ಟೊಂದು ಬಿಸಿ ಎಲ್ಲಿಂದ ಬಂತು ಎಂದು ನೀನೇ ಕೇಳಿಕೊಳ್ಳಬೇಕು.

ಮನೋವಿಶ್ಲೇಷಣೆಯ ಪ್ರವರ್ತಕನಾದ ಫ್ರಾಯ್ಡ್ ಮತ್ತು ಯೂಂಗ್ 1907ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಭೇಟಿಯಾದದ್ದು, ಆರು ವರ್ಷಗಳಲ್ಲಿ ಆ ಸ್ನೇಹ ಮುರಿದದ್ದು ನಿನಗೆ ಗೊತ್ತು. ಆ ಜಗಳದಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದರಲ್ಲಿ ಕಾಲ ಕಳೆಯಬೇಡ. ಅದರೊಳಗಿನ ಒಂದು ಘಟನೆ ಮಾತ್ರ ನಮ್ಮ ವಿಷಯಕ್ಕೆ ಬೇಕು. 1909ರಲ್ಲಿ ಇಬ್ಬರೂ ಹಡಗಿನಲ್ಲಿ ಅಮೆರಿಕಕ್ಕೆ ಹೋಗಿಬಂದ ಪ್ರಯಾಣದ ಅವಧಿಯಲ್ಲಿ ಒಬ್ಬರ ಕನಸನ್ನು ಇನ್ನೊಬ್ಬರು ಬಿಡಿಸುತ್ತಿದ್ದರು. ಯೂಂಗ್ ಕಂಡ ಒಂದು ಕನಸಿನಲ್ಲಿ ಹಲವು ಅಂತಸ್ತುಗಳ ಮನೆಯೊಂದಿತ್ತು: ಮೇಲೆ ಹಳೆಯ ಕಾಲದ ಒಳ್ಳೆಯ ಪೀಠೋಪಕರಣಗಳ ಕೋಣೆ, ಕೆಳಗಿಳಿದಂತೆ ಇನ್ನೂ ಹಳೆಯ ಕಾಲದ ಅಂತಸ್ತು, ಅದರ ಕೆಳಗೆ ರೋಮನ್ನರ ಕಾಲದ ನೆಲಮಾಳಿಗೆ, ಎಲ್ಲಕ್ಕಿಂತ ಕೆಳಗೆ ಬಂಡೆಯಲ್ಲಿ ಕೊರೆದ ಗುಹೆ, ಅದರೊಳಗೆ ಮೂಳೆಗಳು, ಒಡೆದ ಮಡಕೆಗಳು ಮತ್ತು ಎರಡು ತಲೆಬುರುಡೆಗಳು. ಫ್ರಾಯ್ಡನ ಗಮನವೆಲ್ಲ ಬುರುಡೆಗಳ ಮೇಲೆಯೇ ನಿಂತಿತು. ಅವು ಯಾರವು, ನೀನು ಯಾರ ಸಾವನ್ನು ಬಯಸಿದೆ ಎಂದು ಅವನು ಮತ್ತೆ ಮತ್ತೆ ಕೇಳಿದ. ಹಿರಿಯನಿಗೆ ಬೇಕಾದ ಉತ್ತರ ಯಾವುದೆಂದು ಊಹಿಸಿದ ಯೂಂಗ್ ತನ್ನ ಹೆಂಡತಿ ಮತ್ತು ನಾದಿನಿಯ ಹೆಸರು ಹೇಳಿ ಮಾತು ಮುಗಿಸಿದನಂತೆ. ಇದು ಯೂಂಗ್ ಮುಪ್ಪಿನಲ್ಲಿ ಹೇಳಿದ ನೆನಪು, ಅಂದರೆ ಒಂದು ಪಕ್ಷದ ಮಾತು ಮಾತ್ರ. ಹಾಗಿದ್ದರೂ ಇನ್ನೊಬ್ಬರ ಮನಸ್ಸಿನ ಮೇಲೆ ನಮ್ಮ ಸಿದ್ಧಾಂತವನ್ನು ಒತ್ತಿದರೆ ಅವರು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ, ನಿಜವನ್ನು ಒಳಗೇ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆ ಮನೆಯ ಅಂತಸ್ತುಗಳಲ್ಲಿಯೇ ಯೂಂಗನಿಗೆ ತನ್ನ ಮುಂದಿನ ದಾರಿ ಕಂಡಿತು. ಒಬ್ಬ ವ್ಯಕ್ತಿ ತನ್ನ ಬಾಳಿನಲ್ಲಿ ಮರೆತದ್ದು, ಅದುಮಿಟ್ಟದ್ದು, ಗಮನಿಸದೆ ಬಿಟ್ಟದ್ದು ಸೇರಿ ಆದ ವೈಯಕ್ತಿಕ ಸುಪ್ತಮನಸ್ಸಿನ ಕೆಳಗೆ, ಮನುಷ್ಯಕುಲಕ್ಕೆಲ್ಲ ಸಮಾನವಾದ ಒಂದು ಸಾಮೂಹಿಕ ಸುಪ್ತಮನಸ್ಸು ಇದೆಯೆಂದೂ, ತಾಯಿ, ವೀರ, ಜ್ಞಾನಿಯಾದ ಮುದುಕ ಮೊದಲಾದ ಆದಿಪ್ರತಿಮೆಗಳು ಅದರ ರಚನೆಯೆಂದೂ ಅವನು ಹೇಳಿದ. ಆನುವಂಶಿಕವಾಗಿ ಬರುವುದು ಸಿದ್ಧವಾದ ಚಿತ್ರವಲ್ಲ, ಚಿತ್ರಗಳನ್ನು ಒಂದು ಬಗೆಯಲ್ಲಿ ರೂಪಿಸಿಕೊಳ್ಳುವ ಒಲವು ಮಾತ್ರ ಎಂದು ಅವನು ಮುಂದೆ ಸ್ಪಷ್ಟಪಡಿಸಬೇಕಾಯಿತು. ನಿನ್ನ ಹಿತಕ್ಕಾಗಿ ನೇರವಾಗಿ ಹೇಳುತ್ತೇನೆ, ಈ ಭಾಗ ಸುಂದರವಾಗಿದೆ, ಆದರೆ ಪದಸಾಹಚರ್ಯದ ಪ್ರಯೋಗದಷ್ಟು ಗಟ್ಟಿಯಾಗಿಲ್ಲ. ಎಲ್ಲ ಮನುಷ್ಯರಿಗೂ ತಾಯಿ ಇದ್ದಾಳೆ, ಎಲ್ಲರಿಗೂ ಇರುಳೂ ಸಾವೂ ಇವೆ. ಬಾಳು ಒಂದೇ ಬಗೆಯದಾದ್ದರಿಂದಲೂ, ಕಥೆಗಳು ಜನರ ಜೊತೆ ದೇಶದಿಂದ ದೇಶಕ್ಕೆ ಸಾಗುವುದರಿಂದಲೂ ಪುರಾಣಗಳು ಒಂದನ್ನೊಂದು ಹೋಲಬಹುದು. ಆದಿಪ್ರತಿಮೆಯ ಮಾತನ್ನು ಪರೀಕ್ಷಿಸಿ ಸುಳ್ಳೆಂದು ತೋರಿಸುವ ದಾರಿ ಸುಲಭವಾಗಿ ಸಿಗುವುದಿಲ್ಲವೆಂದು ವಿಮರ್ಶಕರು ಹೇಳುವುದರಲ್ಲಿ ನ್ಯಾಯವಿದೆ. ಅದನ್ನು ಓದು, ಆನಂದಪಡು, ಆದರೆ ಸಿದ್ಧವಾದ ಸತ್ಯವೆಂದು ಕೈಯಲ್ಲಿ ಹಿಡಿದುಕೊಂಡು ಹೊರಡಬೇಡ.

ನೆರಳಿನ ವಿಷಯ ಬೇರೆ. ಇದಕ್ಕೆ ಆಸ್ಪತ್ರೆಯೂ ಬೇಡ, ಪುರಾಣವೂ ಬೇಡ, ದಿನನಿತ್ಯದ ಬಾಳೇ ಸಾಕು. ಸಮಾಜದ ಎದುರು ನಾವು ತೊಡುವ ಮುಖವಾಡವನ್ನು ಯೂಂಗ್ ಪರ್ಸೋನಾ ಎಂದ. ವೈದ್ಯ, ಶಿಕ್ಷಕಿ, ಒಳ್ಳೆಯ ಮಗ ಎಂಬ ವೇಷಗಳು ಬೇಕಾದವೇ. ಅವಿಲ್ಲದೆ ನಾಲ್ಕು ಜನರ ನಡುವೆ ಬದುಕಲಾಗದು. ಆ ವೇಷಕ್ಕೆ ಹೊಂದದ ಗುಣಗಳೆಲ್ಲ, ಎಂದರೆ ಸಿಟ್ಟು, ಹೊಟ್ಟೆಕಿಚ್ಚು, ಸೋಮಾರಿತನಗಳಲ್ಲದೆ ಎಷ್ಟೋ ಸಲ ಧೈರ್ಯ, ಹಾಸ್ಯ, ಕೋಮಲತೆಯೂ ಬೆಳಕಿಗೆ ಬರದೆ ಹಿಂದೆ ಉಳಿಯುತ್ತವೆ. ಅದೇ ನೆರಳು. ನನ್ನಲ್ಲಿ ಇಲ್ಲವೆಂದು ನಾನು ಸಾಧಿಸುವ ಗುಣ ಎದುರಿನವನಲ್ಲಿ ಕಣ್ಣಿಗೆ ರಾಚುವಂತೆ ಕಾಣುತ್ತದೆ. ಇದನ್ನು ಮನಶ್ಶಾಸ್ತ್ರದಲ್ಲಿ ಪ್ರಕ್ಷೇಪಣೆ ಎನ್ನುತ್ತಾರೆ. ಎದುರಿನವನಲ್ಲಿ ಆ ದೋಷ ಇರುವುದೇ ಇಲ್ಲವೆಂದು ಇದರ ಅರ್ಥವಲ್ಲ. ಅನೇಕ ಸಲ ಇರುತ್ತದೆ, ಆದ್ದರಿಂದಲೇ ನಮ್ಮ ಪ್ರಕ್ಷೇಪಣೆಗೆ ಅಲ್ಲಿ ಆಸರೆ ಸಿಗುತ್ತದೆ. ಅವನ ದೋಷದ ಅಳತೆಯನ್ನು ಮೀರಿ ನನ್ನ ಅಸಹನೆ ಉಕ್ಕಿದಾಗ, ಆ ಹೆಚ್ಚಿನ ಪಾಲು ನನ್ನದೆಂದು ತಿಳಿಯಬೇಕು. ಇಂಥ ಗಳಿಗೆಯಲ್ಲಿ ನೆರಳು, ಕಾಂಪ್ಲೆಕ್ಸ್ ಎಂಬ ಶಾಸ್ತ್ರದ ಪದಗಳು ಕೈಗೆ ಸಿಕ್ಕರೆ ಅಪಾಯ ಹೆಚ್ಚುತ್ತದೆ, ಏಕೆಂದರೆ ಕೇವಲ ಸಿಟ್ಟಾಗಿದ್ದದ್ದು ಆಗ ವಿಶ್ಲೇಷಣೆಯ ಗೌರವವನ್ನು ಪಡೆದುಬಿಡುತ್ತದೆ. ಮಗು, ನಿನ್ನ ಆ ಎರಡು ಪುಟಗಳನ್ನು ಓದುವಾಗ ನನಗೆ ಕಳವಳವಾದದ್ದು ಇದಕ್ಕೇ.

ಯೂಂಗ್ ಈ ಸಂಕಟವನ್ನು ಹೇಗೆ ಎದುರಿಸಿದನೆಂದು ನೋಡು. ಒಬ್ಬ ಬುದ್ಧಿವಂತ ಮಹಿಳೆಗೆ ಅವನು ಚಿಕಿತ್ಸೆ ನೀಡುತ್ತಿದ್ದಾಗ ಮಾತುಕತೆ ದಿನದಿನಕ್ಕೆ ಟೊಳ್ಳಾಗುತ್ತ ಬಂತು. ಒಂದು ರಾತ್ರಿ ಅವನಿಗೆ ಕನಸು ಬಿತ್ತು. ಬೆಟ್ಟದ ಮೇಲಿನ ಕೋಟೆಯ ಅತಿ ಎತ್ತರದ ಗೋಪುರದಲ್ಲಿ ಆ ಮಹಿಳೆ ಕುಳಿತಿದ್ದಾಳೆ, ಕೆಳಗೆ ಕಣಿವೆಯಲ್ಲಿ ನಿಂತ ಅವನು ಅವಳನ್ನು ನೋಡಲು ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಕಾಗಿದೆ. ಎದ್ದಾಗ ಕತ್ತು ನಿಜವಾಗಿಯೂ ನೋಯುತ್ತಿತ್ತು. ಕನಸಿನಲ್ಲಿ ಇಷ್ಟು ತಲೆಯೆತ್ತಿ ನೋಡಬೇಕಾಗಿ ಬಂದಿದ್ದರೆ, ಎಚ್ಚರದಲ್ಲಿ ತಾನು ಅವಳನ್ನು ಕೀಳಾಗಿ ಕಂಡಿರಬೇಕು ಎಂದು ಅವನು ಅರ್ಥಮಾಡಿಕೊಂಡ. ಅದನ್ನು ಅವಳಿಗೆ ಹೇಳಿಯೂ ಹೇಳಿದ, ಅಲ್ಲಿಂದ ಚಿಕಿತ್ಸೆ ಮುಂದೆ ಸಾಗಿತು. ಎಚ್ಚರದ ಮನಸ್ಸಿನ ಏಕಪಕ್ಷೀಯತೆಯನ್ನು ಕನಸು ಸರಿದೂಗಿಸುತ್ತದೆ ಎಂಬ ಅವನ ಸಿದ್ಧಾಂತವನ್ನು ವಿವರಿಸುವಾಗ ನಾನು ಯಾವಾಗಲೂ ಇದನ್ನೇ ಹೇಳುತ್ತಿದ್ದೆ. ಅರ್ಥ ಬಿಡಿಸುವ ಅಧಿಕಾರವೆಲ್ಲ ವೈದ್ಯನ ಕೈಯಲ್ಲಿದ್ದಾಗಲೂ ಅವನು ಅದನ್ನು ರೋಗಿಯ ಮೇಲೆ ತಿರುಗಿಸಲಿಲ್ಲ, ತನ್ನ ಮೇಲೆ ತಿರುಗಿಸಿಕೊಂಡ. ಇನ್ನೊಬ್ಬರನ್ನು ವಿಶ್ಲೇಷಿಸ ಹೊರಟವನು ಮೊದಲು ತಾನೇ ವಿಶ್ಲೇಷಣೆಗೆ ಒಳಗಾಗಬೇಕೆಂಬ ನಿಯಮಕ್ಕಾಗಿ ಒತ್ತಾಯಿಸಿದವರಲ್ಲಿಯೂ ಅವನು ಮೊದಲಿಗ. ಈ ಬೇಡಿಕೆಯ ಶ್ರೇಯಸ್ಸನ್ನು ಫ್ರಾಯ್ಡನೇ 1912ರಲ್ಲಿ ಜ್ಯೂರಿಕ್‌ನ ಯೂಂಗನ ಬಳಗಕ್ಕೆ ಕೊಟ್ಟ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1921ರಲ್ಲಿ ಅದನ್ನು ವಿಸ್ತಾರವಾಗಿ ಮಂಡಿಸಿದ ಯೂಂಗನೇ, ಕಂಡಕಂಡವರಿಗೆ ಚೀಟಿ ಅಂಟಿಸುವುದನ್ನು ಮಕ್ಕಳಾಟವೆಂದು ಮುಂದೆ ತಳ್ಳಿಹಾಕಿದ. ಅದರಿಂದ ನಿನಗೆ ಆಗಬೇಕಾದ ಉಪಕಾರ ಇಷ್ಟೇ: ನಿನಗೆ ಸಹಜವಾದ ದಾರಿ ಒಂದೇ ದಾರಿಯಲ್ಲವೆಂದು, ಅದು ಬೆಳೆದಷ್ಟೂ ಅದರ ಎದುರಿನ ಶಕ್ತಿ ಒಳಗೆ ಬೆಳೆಯದೆ ಉಳಿದಿದೆಯೆಂದು ತಿಳಿಯುವುದು.

ಇನ್ನು ನೀನು ಮಾಡಬೇಕಾದ ಕೆಲಸ. ಹಾಸಿಗೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಎದ್ದ ಕೂಡಲೆ ಕನಸನ್ನು ಕಂಡ ಹಾಗೆಯೇ ಬರೆ. ಅದರ ಭಾವವನ್ನೂ, ಹಿಂದಿನ ದಿನ ನಡೆದದ್ದನ್ನೂ ಎರಡು ಸಾಲಿನಲ್ಲಿ ಸೇರಿಸು. ಅರ್ಥ ಹುಡುಕಲು ಅವಸರಪಡಬೇಡ, ಕನಸಿನ ಅರ್ಥಗಳ ಪಟ್ಟಿ ಕೊಡುವ ಪುಸ್ತಕಗಳನ್ನು ಹತ್ತಿರ ಸೇರಿಸಬೇಡ. ಹಾವು ಒಬ್ಬನಿಗೆ ಭಯ, ಇನ್ನೊಬ್ಬನಿಗೆ ಬಾಲ್ಯದ ನೆನಪು. ಬಿಡಿ ಕನಸಿಗಿಂತ ಕನಸುಗಳ ಸರಣಿಗೆ ಯೂಂಗ್ ಹೆಚ್ಚು ಬೆಲೆ ಕೊಡುತ್ತಿದ್ದ, ಆದ್ದರಿಂದ ಕೆಲವು ತಿಂಗಳು ಕಾದು ಒಟ್ಟಿಗೆ ಓದಿ ನೋಡು. ಮೇಲಧಿಕಾರಿ ಕನಸಿನಲ್ಲಿ ಬಂದರೆ, ಅವರು ಎಂಥವರು ಎನ್ನುವುದಕ್ಕಿಂತ ಮೊದಲು, ನಿನ್ನೊಳಗಿನ ಯಾವುದು ಅವರ ರೂಪ ತೊಟ್ಟು ಬಂದಿದೆ ಎಂದು ಕೇಳು.

ಒಳಗಿನ ಚಿತ್ರಗಳನ್ನು ಎಚ್ಚರದಲ್ಲಿಯೇ ಕರೆದು ಮಾತಾಡಿಸುವ ವಿಧಾನವನ್ನೂ ನೀನು ಓದಿರಬೇಕು. 1913ರಿಂದ ಯೂಂಗ್ ಅದನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ಆ ಬರಹ, ಚಿತ್ರಗಳ ಕೆಂಪು ಹೊದಿಕೆಯ ಗ್ರಂಥ ಅವನು 1961ರಲ್ಲಿ ತೀರಿಕೊಂಡ ಎಷ್ಟೋ ಕಾಲದ ಮೇಲೆ, 2009ರಲ್ಲಿ, ಪ್ರಕಟವಾಯಿತು. ಆ ವರ್ಷಗಳಲ್ಲಿ ತನ್ನನ್ನು ನೆಲದ ಮೇಲೆ ನಿಲ್ಲಿಸಿದ್ದು ಸಂಸಾರ ಮತ್ತು ವೈದ್ಯವೃತ್ತಿ ಎಂದು ಅವನೇ ಹೇಳಿಕೊಂಡಿದ್ದಾನೆ. ನೀನು ಒಬ್ಬನೇ ಈ ವಿಧಾನಕ್ಕೆ ಕೈಹಾಕಬಾರದೆಂದು ನನ್ನ ಸ್ಪಷ್ಟವಾದ ಮಾತು. ನಿದ್ದೆ ಕೆಟ್ಟರೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಹೋದರೆ, ಬಾಳು ಬೇಡವೆಂಬ ಯೋಚನೆ ಒಂದು ಸಲ ಬಂದರೂ, ನೋಟ್‌ಬುಕ್ಕನ್ನು ಬದಿಗಿಟ್ಟು ಆ ದಿನವೇ ಮನೋವೈದ್ಯರನ್ನು ಕಾಣು, ನನಗೂ ತಿಳಿಸು. ಓದು ಚಿಕಿತ್ಸೆಯ ಜಾಗದಲ್ಲಿ ನಿಲ್ಲಲಾರದು. ಮುಂದಿನ ಪತ್ರದಲ್ಲಿ ನಿನ್ನ ಕನಸುಗಳನ್ನು ನನಗೆ ಕಳಿಸಬೇಕಾಗಿಲ್ಲ. ಮೇಲಧಿಕಾರಿಯ ಯಾವ ಮಾತು ನಿನ್ನನ್ನು ಅಷ್ಟು ಚುಚ್ಚಿತು, ಅಂಥ ಮಾತನ್ನು ಮೊದಲ ಸಲ ಯಾವಾಗ ಕೇಳಿದ್ದೆ ಎಂಬುದನ್ನು ಮಾತ್ರ, ಬರೆಯಬೇಕೆನಿಸಿದರೆ, ಬರೆ.

ಇತಿ,
ನಿನ್ನ ಪ್ರೀತಿಯ ದೊಡ್ಡಮ್ಮ