ಗೆಳೆಯನಿಗೊಂದು ಪತ್ರ: ಆಲಿವ್‌ನಲ್ಲಿ ಕಂಡ ಕಂದು ಎಳೆಗಳು

ಮೈಸೂರು

ಪ್ರಿಯ ಗೆಳೆಯ,

ಮಂಡ್ಯದಿಂದ ನೀನು ಕಳಿಸಿದ ಸ್ಲೈಡ್ ಫೋಟೊಗಳನ್ನೆಲ್ಲ ದೊಡ್ಡದು ಮಾಡಿಕೊಂಡು ನೋಡಿದೆ. ಇಲಿಯ ಮಿದುಳಿನ ಬಲಗಡೆಯ ಸುಪೀರಿಯರ್ ಕಾಲಿಕ್ಯುಲಸ್‌ಗೆ (ಮಿಡ್‌ಬ್ರೈನ್‌ನ ಮೇಲ್ಭಾಗದಲ್ಲಿ ಕಣ್ಣಿನ ಸುದ್ದಿ ಪಡೆಯುವ ಭಾಗ) ಬಿಡಿಎ, ಅಂದರೆ ನರತಂತುಗಳ ದಾರಿ ತೋರಿಸುವ ಬಣ್ಣ, ಬಿಟ್ಟಿದ್ದೀಯ. ಕೆಳಗೆ ಮಿದುಳಿನ ಬುಡದ ಮೆಡುಲ್ಲಾದಲ್ಲಿ, ಸೆರೆಬೆಲ್ಲಮ್‌ಗೆ (ಕಿರುಮಿದುಳು) ತಂತು ಕಳಿಸುವ ಬಲಗಡೆಯ ಇನ್ಫೀರಿಯರ್ ಆಲಿವ್‌ನ ಡಾರ್ಸಲ್ ಕ್ಯಾಪ್ ಭಾಗದಲ್ಲಿ ಕಂದು ಎಳೆಗಳು ದಟ್ಟವಾಗಿ ಕಾಣುತ್ತಿವೆ. ಕಾಲಿಕ್ಯುಲಸ್‌ನಿಂದ ಡಾರ್ಸಲ್ ಕ್ಯಾಪ್‌ಗೆ ನೇರ ದಾರಿ ಇದೆ ಅಂತ ಬರೆಯಬಹುದಾ ಅಂತ ಕೇಳಿದ್ದೀಯ. ಈಗಲೇ ಬರೆಯಬೇಡ ಕಣೋ. ಆ ಬಣ್ಣ ಕಾಲಿಕ್ಯುಲಸ್‌ನಿಂದ ಹೊರಟದ್ದಲ್ಲ, ಅದಕ್ಕೆ ಮುಂದುಗಡೆ ತಾಗಿಕೊಂಡೇ ಇರುವ ಪ್ರಿಟೆಕ್ಟಮ್‌ನಿಂದ ಹೊರಟದ್ದು ಅಂತ ನನ್ನ ಬಲವಾದ ಅನುಮಾನ.

ಅನುಮಾನಕ್ಕೆ ಮುಖ್ಯ ಕಾರಣ ಬಣ್ಣ ಬಿದ್ದಿರುವ ಬದಿ. ಕಾಲಿಕ್ಯುಲಸ್‌ನಿಂದ ಆಲಿವ್‌ಗೆ ತಂತುಗಳು ಹೋಗುವುದು ನಿಜ. ಆದರೆ ಅವು ನಡುಗೆರೆ ದಾಟಿ ಎದುರು ಬದಿಗೆ ಹೋಗುತ್ತವೆ, ಹೋಗಿ ಸೇರುವುದೂ ಮುಖ್ಯವಾಗಿ ಆಲಿವ್‌ನ ಇನ್ನೊಂದು ಭಾಗವಾದ ಮೀಡಿಯಲ್ ಆಕ್ಸೆಸರಿ ಆಲಿವ್‌ಗೆ. ಡಾರ್ಸಲ್ ಕ್ಯಾಪ್‌ಗೆ ಅದೇ ಬದಿಯಿಂದ ಗಟ್ಟಿಯಾಗಿ ಬರುವುದು ಪ್ರಿಟೆಕ್ಟಮ್‌ನಲ್ಲಿರುವ ನ್ಯೂಕ್ಲಿಯಸ್ ಆಫ್ ದಿ ಆಪ್ಟಿಕ್ ಟ್ರಾಕ್ಟ್‌ನಿಂದ. ಇನ್ನುಮುಂದೆ ಎನ್‌ಒಟಿ ಅಂತಲೇ ಬರೆಯುತ್ತೇನೆ. ಕಣ್ಣೆದುರಿನ ದೃಶ್ಯ ಇಡಿಯಾಗಿ ಒಂದು ಕಡೆಗೆ ಜಾರಿದಾಗ ಆ ಜಾರಿಕೆಯ ಸುದ್ದಿ ಇದೇ ದಾರಿಯಲ್ಲಿ ಡಾರ್ಸಲ್ ಕ್ಯಾಪ್‌ಗೆ ಬಂದು, ಅಲ್ಲಿಂದ ಕ್ಲೈಂಬಿಂಗ್ ತಂತುಗಳ (ಆಲಿವ್‌ನಿಂದ ಸೆರೆಬೆಲ್ಲಮ್‌ಗೆ ಏರುವ ತಂತುಗಳು) ಮೂಲಕ ಎದುರು ಬದಿಯ ಸೆರೆಬೆಲ್ಲಮ್‌ನ ಫ್ಲಾಕ್ಯುಲಸ್ ಅನ್ನುವ ಭಾಗಕ್ಕೆ ಮುಟ್ಟುತ್ತದೆ. ಫ್ಲಾಕ್ಯುಲಸ್‌ಗೆ ಕಣ್ಣಿನ ಸುದ್ದಿ ಕ್ಲೈಂಬಿಂಗ್ ತಂತುಗಳ ಮೂಲಕ ಬರುತ್ತದೆ ಅಂತ 1973ರಲ್ಲೇ ಮೇಕಾವಾ ಮತ್ತು ಸಿಂಪ್ಸನ್ ಅನ್ನುವ ಸಂಶೋಧಕರು ಮೊಲದಲ್ಲಿ ತೋರಿಸಿದ್ದರು. ನಿನ್ನ ಸ್ಲೈಡ್‌ನಲ್ಲಿ ಬಲಕ್ಕೆ ಬಿಟ್ಟ ಬಣ್ಣ ಬಲಗಡೆಯೇ, ಅದೂ ಡಾರ್ಸಲ್ ಕ್ಯಾಪ್‌ನಲ್ಲೇ ಬಿದ್ದಿದೆ. ಇದು ಎನ್‌ಒಟಿಯ ಲಕ್ಷಣ.

ನಾಲೆಯ ಕೊನೆಯ ಗದ್ದೆಯಲ್ಲಿ ನೀರು ನಿಂತಿದ್ದರೆ ಯಾವ ತೂಬು ತೆರೆದಿತ್ತು ಅಂತ ಮೇಲೆ ಹೋಗಿ ನೋಡಿ ಬರುವುದು ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲೂ ಕೆಳಗಿನ ಫೋಟೊ ಬದಿಗಿಟ್ಟು ಮೊದಲು ಬಣ್ಣ ಬಿಟ್ಟ ಜಾಗದ ಸೆಕ್ಷನ್‌ಗಳನ್ನು (ತೆಳು ಹೋಳುಗಳನ್ನು) ಸಾಲಾಗಿ ಜೋಡಿಸು. ಮೂರಕ್ಕೊಂದು ಸೆಕ್ಷನ್ ಸಾಲದು, 40 ಮೈಕ್ರಾನಿನ ಒಂದೊಂದನ್ನೂ ನೋಡಬೇಕು, ಅದರಲ್ಲೂ ಕಾಲಿಕ್ಯುಲಸ್‌ನ ಮುಂದಿನ ಅಂಚಿನಲ್ಲಿ. ನಡುವಿನ ಗಾಢ ಕಲೆಯನ್ನಷ್ಟೇ ಅಳೆದು ಸುಮ್ಮನಾಗಬೇಡ, ಸುತ್ತಲಿನ ತಿಳಿ ಕಂದು ವಲಯವನ್ನೂ ಗುರುತಿಸು. ಆ ವಲಯ ಎನ್‌ಒಟಿಯನ್ನು ಸ್ವಲ್ಪ ಮುಟ್ಟಿದ್ದರೂ ಆ ಇಲಿಯಿಂದ ಡಾರ್ಸಲ್ ಕ್ಯಾಪ್ ಬಗ್ಗೆ ಏನನ್ನೂ ಹೇಳುವಂತಿಲ್ಲ.

ಅದೇ ಇಲಿಯಲ್ಲಿ ಇನ್ನೆರಡು ಸಾಕ್ಷಿಗಳಿವೆ. ಬಣ್ಣ ಕಾಲಿಕ್ಯುಲಸ್‌ನ ಆಳದ ಪದರಗಳಿಗೆ ಸರಿಯಾಗಿ ಇಳಿದಿದ್ದರೆ ದಪ್ಪ ತಂತುಗಳು ಮಿಡ್‌ಬ್ರೈನ್‌ನಲ್ಲೇ ಎದುರು ಬದಿಗೆ ದಾಟಿ, ನಡುಗೆರೆಯ ಪಕ್ಕದಲ್ಲಿ ಪ್ರಿಡಾರ್ಸಲ್ ಬಂಡಲ್ ಆಗಿ ಕೆಳಗಿಳಿಯಬೇಕು. ಮೇಲಿನ ಪದರಗಳಿಗಷ್ಟೇ ಬಿದ್ದಿದ್ದರೆ ಈ ಬಂಡಲ್ ಬಹುಪಾಲು ಖಾಲಿ ಇರುತ್ತದೆ, ಆಗ ಅದೇ ಬದಿಯ ಪ್ಯಾರಾಬೈಜೆಮಿನಲ್ ನ್ಯೂಕ್ಲಿಯಸ್ ತುಂಬಿರುತ್ತದೆ. ಬಂಡಲ್ ನೋಡಲು ಪಾನ್ಸ್ (ಮಿಡ್‌ಬ್ರೈನ್‌ಗೂ ಮೆಡುಲ್ಲಾಗೂ ನಡುವಿನ ಭಾಗ) ಮಟ್ಟದ ಫೋಟೊ ಬೇಕು, ನೀನು ಕಳಿಸಿದ್ದರಲ್ಲಿ ಅದು ಒಂದೂ ಇಲ್ಲ. ಪ್ರಿಡಾರ್ಸಲ್ ಬಂಡಲ್ ಖಾಲಿಯಿದ್ದು ಡಾರ್ಸಲ್ ಕ್ಯಾಪ್ ಮಾತ್ರ ತುಂಬಿದ್ದರೆ ಮತ್ತೆ ಯೋಚಿಸುವುದೇ ಬೇಡ, ಬಣ್ಣ ಮುಂದಿನ ಪ್ರಿಟೆಕ್ಟಮ್‌ಗೆ ಸೋರಿದೆ.

ನಿನ್ನ ಸ್ಲೈಡ್‌ಗಳಲ್ಲಿ ಲ್ಯಾಟರಲ್ ಜೆನಿಕ್ಯುಲೇಟ್‌ನಲ್ಲಿ (ಥಲಾಮಸ್‌ನಲ್ಲಿ ಕಣ್ಣಿನ ಸುದ್ದಿ ಪಡೆಯುವ ಭಾಗ) ಕಂಡ ಬಣ್ಣವೂ ಪೂರ್ತಿ ನಂಬಿಕಸ್ಥ ಅಲ್ಲ. ರೆಟಿನಾದಿಂದ ಬರುವ ತಂತುಗಳು ಕಾಲಿಕ್ಯುಲಸ್‌ನ ಆಪ್ಟಿಕ್ ಪದರದಲ್ಲೇ ಹಾದು ಬರುತ್ತವೆ. ಪಿಪೆಟ್ ಮೊನೆ ಅವುಗಳನ್ನು ಹರಿದರೆ ಬಿಡಿಎ ಒಳಸೇರಿ ಹಿಮ್ಮುಖವಾಗಿ ಹೋಗುತ್ತದೆ, ಹೋಗುತ್ತಾ ಜೆನಿಕ್ಯುಲೇಟ್‌ಗೆ ಇಳಿಯುವ ಕವಲುಗಳನ್ನೂ ತುಂಬುತ್ತದೆ. 10,000 ಅಣುತೂಕದ ಬಿಡಿಎ ಹೆಚ್ಚಾಗಿ ಕೋಶದಿಂದ ತಂತುವಿನ ತುದಿಯ ಕಡೆಗೇ ಸಾಗುತ್ತದಾದರೂ ತುಂಡಾದ ತಂತು ಸಿಕ್ಕಿದರೆ ಕೋಶದ ಕಡೆಗೂ ಓಡುತ್ತದೆ. ಬಲ ಕಾಲಿಕ್ಯುಲಸ್‌ಗೆ ಬಹುಪಾಲು ತಂತುಗಳು ಬರುವುದು ಎಡಗಣ್ಣಿನಿಂದ, ಆದ್ದರಿಂದ ಎಡಗಣ್ಣಿನ ರೆಟಿನಾವನ್ನು ಬಿಡಿಸಿ ಚಪ್ಪಟೆಯಾಗಿ ಹರಡಿ ನೋಡು. ಮಿದುಳಿಗೆ ತಂತು ಕಳಿಸುವ ಗ್ಯಾಂಗ್ಲಿಯನ್ ಕೋಶಗಳು ಬಣ್ಣ ಹಿಡಿದಿದ್ದರೆ ಜೆನಿಕ್ಯುಲೇಟ್‌ನ ಎಳೆಗಳು ಯಾರವು ಅಂತ ಬೇರ್ಪಡಿಸುವುದು ಕಷ್ಟ. ಕಾಲಿಕ್ಯುಲಸ್‌ನ ನಿಜವಾದ ಎಳೆಗಳು ಇಲಿಯ ಜೆನಿಕ್ಯುಲೇಟ್‌ನ ಮೇಲಿನ ಹೊರ ಅಂಚಿಗೆ ಸೇರುತ್ತವೆ ಅನ್ನುವುದು ಅಲ್ಲಿ ಸಿಗುವ ಒಂದು ಆಧಾರ.

ಇನ್ನು ಬಣ್ಣ ಸೋರಲು ಕಾರಣಗಳು. ಬ್ರೆಗ್ಮಾ ಮತ್ತು ಲ್ಯಾಂಬ್ಡಾ (ತಲೆಬುರುಡೆಯ ಮೂಳೆಗಳು ಕೂಡುವ ಮುಂದಿನ, ಹಿಂದಿನ ಗುರುತುಗಳು) ಒಂದೇ ಎತ್ತರದಲ್ಲಿವೆಯಾ ಅಂತ ಪಿಪೆಟ್ ಮೊನೆಯಿಂದಲೇ ಮುಟ್ಟಿ ನೋಡು, ವ್ಯತ್ಯಾಸ 0.1 ಮಿ.ಮೀ. ಒಳಗಿರಲಿ. ತಲೆ ಹಿಂದೆ ಮುಂದೆ ಓರೆಯಾದರೆ ಆಳಕ್ಕೆ ಇಳಿದಷ್ಟೂ ಗುರಿ ತಪ್ಪುತ್ತದೆ. ಇಲಿಯ ಮಿದುಳಿನ ಅಟ್ಲಾಸ್ (ನಕ್ಷೆಪುಸ್ತಕ) ಸುಮಾರು 300 ಗ್ರಾಂ ತೂಕದ ಗಂಡಿಲಿಯ ಲೆಕ್ಕದ್ದು. 200 ಗ್ರಾಂ ಇಲಿಗೆ ಅದೇ ಅಂಕಿ ಹಾಕಿದರೆ ಮೊನೆ ಬೇರೆಲ್ಲೋ ಇಳಿಯುತ್ತದೆ. ಪಂಪಿನಲ್ಲಿ ಒತ್ತಿ ಬಣ್ಣ ಬಿಡುವ ವಿಧಾನ ಈ ಜಾಗಕ್ಕೆ ಬೇಡ, ಕರೆಂಟಿನಿಂದ ಬಿಡು. ಒಳವ್ಯಾಸ 20ರಿಂದ 40 ಮೈಕ್ರಾನಿನ ಗಾಜಿನ ಪಿಪೆಟ್, ಶೇ. 10ರ ಬಿಡಿಎ, 5 ಮೈಕ್ರೋಆಂಪಿಯರ್ ಧನ ಕರೆಂಟು, 7 ಸೆಕೆಂಡ್ ಹರಿಸಿ 7 ಸೆಕೆಂಡ್ ನಿಲ್ಲಿಸುತ್ತಾ 10 ನಿಮಿಷ: ಕಲೆ ಚಿಕ್ಕದಾಗಿ ಕೂರುತ್ತದೆ. ಇಳಿಸುವಾಗ ಮತ್ತು ಎತ್ತುವಾಗ ಸಣ್ಣ ಋಣ ಕರೆಂಟು ಇರಲಿ. ಮುಗಿದ ಮೇಲೆ 10 ನಿಮಿಷ ಹಾಗೇ ಬಿಟ್ಟು ನಿಧಾನಕ್ಕೆ ಎತ್ತು. ಅವಸರದಲ್ಲಿ ಎತ್ತಿದರೆ ಬಣ್ಣ ಪಿಪೆಟ್ ದಾರಿಯಲ್ಲೇ ಮೇಲೇರಿ ಕಾರ್ಟೆಕ್ಸ್‌ಗೆ ಸೇರುತ್ತದೆ. ವಿಶುಯಲ್ ಕಾರ್ಟೆಕ್ಸ್‌ನಿಂದ ಪಾನ್ಸ್‌ಗೂ ಕಾಲಿಕ್ಯುಲಸ್‌ಗೂ ದಾರಿಗಳಿರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಬಣ್ಣ ಆಲಿವ್‌ವರೆಗೆ ಇಳಿಯಲು 7ರಿಂದ 10 ದಿನ ಕೊಡು.

ನಿನ್ನ ನಾಲ್ಕನೆಯ ಫೋಟೊದಲ್ಲಿ ದುಂಡು ದುಂಡಾಗಿ ಕಾಣುವ ಕಂದು ಚುಕ್ಕೆಗಳು ತಂತುಗಳ ತುದಿಗಳಲ್ಲ, ಕೆಂಪು ರಕ್ತಕಣಗಳು. ಪರ್ಫ್ಯೂಷನ್‌ನಲ್ಲಿ (ರಕ್ತನಾಳಗಳ ಮೂಲಕ ದ್ರವ ಹರಿಸುವಾಗ) ರಕ್ತ ತೊಳೆಯುವ ಸಲೈನ್ ಸಾಕಷ್ಟು ಹೋಗುವ ಮೊದಲೇ ಅಂಗಾಂಶ ಗಟ್ಟಿ ಮಾಡುವ ಪ್ಯಾರಾಫಾರ್ಮಾಲ್ಡಿಹೈಡ್ ತಿರುಗಿಸಿದಂತಿದೆ. ಲಿವರ್ ಬಿಳಿಚಿ, ಹೊರಬರುವ ನೀರು ತಿಳಿಯಾದ ಮೇಲೆ ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡ್ ಹರಿಸು. ಬಿಡಿಎಗೆ ಅಂಟುವ ಎಬಿಸಿ ದ್ರಾವಣಕ್ಕೆ ಹಾಕುವ ಮುಂಚೆ ಶೇ. 0.3ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಉಳಿದ ಕಣಗಳ ಕಾಟ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ನಿಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ಡಿಎಬಿ (ಕಂದು ಬಣ್ಣ ಬರಿಸುವ ರಾಸಾಯನಿಕ) ಬೇಗ ಓಡುತ್ತದೆ. ಗಡಿಯಾರ ನಂಬದೆ ಒಂದು ಸೆಕ್ಷನ್ ಎತ್ತಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ನಿಲ್ಲಿಸು, ಇಲ್ಲದಿದ್ದರೆ ಹಿನ್ನೆಲೆಯೇ ಕಂದಾಗಿ ಸಣ್ಣ ಎಳೆಗಳು ಮುಚ್ಚಿಹೋಗುತ್ತವೆ. ಗ್ಲೌಸ್ ಇಲ್ಲದೆ ಡಿಎಬಿ ಮುಟ್ಟಬೇಡ, ಕ್ಯಾನ್ಸರ್ ತರುವ ಶಂಕೆ ಇರುವ ವಸ್ತು ಅದು.

ಪ್ರಶ್ನೆ ತೀರ್ಮಾನವಾಗಬೇಕಾದರೆ ಎರಡು ಬಗೆಯ ಇಲಿಗಳು ಬೇಕು: ಕಾಲಿಕ್ಯುಲಸ್‌ನ ಹಿಂಭಾಗಕ್ಕಷ್ಟೇ ಬಣ್ಣ ಬಿಟ್ಟವು, ಬೇಕೆಂದೇ ಎನ್‌ಒಟಿಗೆ ಬಿಟ್ಟವು. ಹಿಂಭಾಗ ಪ್ರಿಟೆಕ್ಟಮ್‌ನಿಂದ ದೂರ, ಸೋರಿದರೂ ಅಲ್ಲಿಗೆ ಮುಟ್ಟದು. ಆದರೆ ಆ ಭಾಗ ನೋಟದ ಅಂಚಿನ ಕ್ಷೇತ್ರದ್ದು. ಅಲ್ಲಿಂದ ಡಾರ್ಸಲ್ ಕ್ಯಾಪ್‌ಗೆ ಏನೂ ಹೋಗದಿದ್ದರೆ ಕಾಲಿಕ್ಯುಲಸ್‌ನ ಮುಂಭಾಗದಿಂದಲೂ ಹೋಗುವುದಿಲ್ಲ ಅಂತ ಅರ್ಥವಲ್ಲ. ಅದಕ್ಕೆ ತದ್ವಿರುದ್ಧ ದಿಕ್ಕಿನ ಪರೀಕ್ಷೆಯೇ ಬೇಕು: ಡಾರ್ಸಲ್ ಕ್ಯಾಪ್‌ಗೆ, ತಂತುವಿನ ತುದಿಯಿಂದ ಕೋಶದ ಕಡೆಗೆ ಹಿಮ್ಮುಖವಾಗಿ ಸಾಗುವ ಕಾಲರಾ ಟಾಕ್ಸಿನ್ ಬಿ ಬಿಟ್ಟು ಮೇಲೆ ಯಾವ ಕೋಶಗಳು ತುಂಬಿದವು ಅಂತ ನೋಡುವುದು. ಜಾಗ ಚಿಕ್ಕದು, ಪಕ್ಕದ ಮೀಡಿಯಲ್ ಆಕ್ಸೆಸರಿ ಆಲಿವ್‌ಗೆ ಹರಡುವುದು ಸುಲಭ, ಆದ್ದರಿಂದ ಕೆಲವು ಇಲಿಗಳು ವ್ಯರ್ಥವಾಗುತ್ತವೆ. ಹೆಚ್ಚುವರಿ ಇಲಿಗಳಿಗೆ ನಿಮ್ಮ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ತೆಗೆದುಕೊ.

ಬರೆಯುವಾಗ 'ಸಸ್ತನಿಗಳಲ್ಲಿ' ಅನ್ನದೆ 'ಇಲಿಯಲ್ಲಿ' ಅನ್ನು. ಇಲಿಯ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳಲ್ಲಿ ಬಹುಪಾಲು ಕಾಲಿಕ್ಯುಲಸ್‌ಗೆ ಹೋಗುತ್ತವೆ. ಕೋತಿಯಲ್ಲಿ ಅದು ಸುಮಾರು ಶೇ. 10 ಮಾತ್ರ. ಇಲಿಯಲ್ಲಿ ಶೇ. 90ಕ್ಕೂ ಹೆಚ್ಚು ಕಣ್ಣಿನ ತಂತುಗಳು ಕಯಾಸ್ಮಾದಲ್ಲಿ (ಎರಡು ಕಣ್ಣುಗಳ ನರಗಳು ಸೇರುವ ಜಾಗ) ಅಡ್ಡ ದಾಟಿದರೆ ಮನುಷ್ಯನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು.

ಸ್ಲೈಡ್‌ಗಳನ್ನು ತೆಗೆದುಕೊಂಡು ಒಂದು ಶನಿವಾರ ಮೈಸೂರಿಗೆ ಬಾ, ಇಬ್ಬರೂ ಕೂತು ನೋಡೋಣ. ಕವರ್‌ಸ್ಲಿಪ್ ಅಂಟಿಸುವ ಡಿಪಿಎಕ್ಸ್ ಪೂರ್ತಿ ಒಣಗಿರಲಿ, ಇಲ್ಲದಿದ್ದರೆ ರೈಲಿನ ಅಲುಗಾಟಕ್ಕೆ ಕವರ್‌ಸ್ಲಿಪ್ ಜಾರುತ್ತದೆ. ಪ್ರಿಟೆಕ್ಟಮ್ ಮತ್ತು ಪಾನ್ಸ್‌ನ ಸೆಕ್ಷನ್‌ಗಳನ್ನು ಇನ್ನೂ ಸ್ಲೈಡ್‌ಗೆ ಏರಿಸಿಲ್ಲದಿದ್ದರೆ ಮೊದಲು ಅವನ್ನೇ ಏರಿಸು.

ನಿನ್ನ ಗೆಳೆಯ